ನಮ್ಮದು ಶುದ್ಧ ಸಸ್ಯಾಹಾರ, ಆದರೂ ಶುಗರ್ ಏಕೆ ಬಂತು?

ಊಟ ಮತ್ತು ಆರೋಗ್ಯ: ಓದುಗರ ಪ್ರಶ್ನೆಗಳಿಗೆ ರಾಯಚೂರಿನ ಆಹಾರ ತಜ್ಞೆಯ ಉತ್ತರ

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು. ಕಾಲುವೆ ನೀರಿನ ಭತ್ತದ ಗದ್ದೆ ಇದೆ. ನನಗೆ 46 ವರ್ಷ. ನಮ್ಮ ಮನೆತನದಲ್ಲಿ ಮಾಂಸವಿರಲಿ, ಮೊಟ್ಟೆಯನ್ನೂ ಮುಟ್ಟಿದವರಿಲ್ಲ. ಕುಡಿಯುವ, ಸೇದುವ ಚಟವಿಲ್ಲ. ಆದರೂ ನನಗೆ ಸಕ್ಕರೆ ಕಾಯಿಲೆ ಬಂತು, ಈಗ ಬಿಪಿಯೂ ಸೇರಿಕೊಂಡಿದೆ. ಅಣ್ಣನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಸಸ್ಯಾಹಾರಿಗಳಿಗೆ ಇಂಥ ಕಾಯಿಲೆ ಬರುವುದಿಲ್ಲ ಎನ್ನುವುದು ಸುಳ್ಳೇ?

ಉತ್ತರ: ಸುಳ್ಳಲ್ಲ, ಆದರೆ ಅರ್ಧ ಮಾತು. ಏನನ್ನು ತಿನ್ನುವುದಿಲ್ಲ ಎಂದು ನೀವು ಬರೆದಿದ್ದೀರಿ, ಏನನ್ನು ತಿನ್ನುತ್ತೀರಿ ಎಂದು ಬರೆದಿಲ್ಲ. ನಾನು ಮೊದಲು ಕೇಳುವುದು ಅದನ್ನೇ. ಸಲಹೆಗೆ ಬಂದವರನ್ನು ಕೂರಿಸಿಕೊಂಡು, ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಬಿಡದೆ ಹೇಳಿ ಎನ್ನುತ್ತೇನೆ. ನಿಮ್ಮ ಕಡೆಯವರು ಹೇಳುವುದು ಹೆಚ್ಚುಕಡಿಮೆ ಹೀಗಿರುತ್ತದೆ: ಎದ್ದ ಕೂಡಲೇ ಎರಡು ಚಮಚ ಸಕ್ಕರೆ ಹಾಕಿದ ಚಹಾ. ಒಂಬತ್ತಕ್ಕೆ ಒಗ್ಗರಣೆ ಮಂಡಕ್ಕಿ, ಜೊತೆಗೆ ಮಿರ್ಚಿ. ಮಧ್ಯಾಹ್ನ ಗುಡ್ಡೆ ಅನ್ನ, ತಿಳಿಸಾರು, ಹಪ್ಪಳ, ಉಪ್ಪಿನಕಾಯಿ. ನಡುವೆ ಯಾರಾದರೂ ಬಂದರೆ ಮತ್ತೆ ಚಹಾ. ಸಂಜೆ ಬಿಸ್ಕತ್ತು. ರಾತ್ರಿ ಮತ್ತೆ ಅನ್ನ, ಕೊನೆಗೆ ಮೊಸರನ್ನ.

ಇದರಲ್ಲಿ ಮಾಂಸದ ತುಣುಕೂ ಇಲ್ಲ. ಮಂಡಕ್ಕಿ, ಮೈದಾ, ಸಕ್ಕರೆ, ಕರಿಯುವ ಎಣ್ಣೆ ಎಲ್ಲವೂ ಗಿಡಮರಗಳಿಂದಲೇ ಬಂದವು. ಆದರೆ ಮೇಲಿನ ತೌಡು, ಸಿಪ್ಪೆ, ನಾರು ಎಲ್ಲವನ್ನೂ ಗಿರಣಿಯಲ್ಲೇ ಬಿಟ್ಟು ಬಂದವು. ಕಾಳು ಎಷ್ಟು, ಸೊಪ್ಪು ಎಷ್ಟು ಎಂದು ಕೇಳಿದರೆ ಸಾರಿನಲ್ಲಿ ಬೇಳೆ ಇತ್ತಲ್ಲ ಎನ್ನುತ್ತಾರೆ.

ಅಮೆರಿಕದಲ್ಲಿ ಸುಮಾರು ಎರಡು ಲಕ್ಷ ದಾದಿಯರನ್ನು ಮತ್ತು ಆರೋಗ್ಯ ಕ್ಷೇತ್ರದ ಇತರ ನೌಕರರನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಹಾರ್ವರ್ಡ್ ಸಂಶೋಧಕರು ಇದನ್ನೇ ಬಿಡಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, ಇಡೀ ಧಾನ್ಯ, ಕಾಳು, ತರಕಾರಿ, ಹಣ್ಣು, ಬೀಜಗಳನ್ನು ಅತಿ ಹೆಚ್ಚು ತಿನ್ನುತ್ತಿದ್ದವರಿಗೆ ಮಧುಮೇಹದ ಅಪಾಯ ಅತಿ ಕಡಿಮೆ ತಿನ್ನುತ್ತಿದ್ದವರಿಗಿಂತ ಶೇ 34ರಷ್ಟು ಕಡಿಮೆ ಇತ್ತು. ಸಸ್ಯಾಹಾರವೇ ಆದರೂ ಬಿಳಿ ಹಿಟ್ಟು, ಸಿಹಿ ಪಾನೀಯ, ಸಿಹಿತಿನಿಸುಗಳೇ ಹೆಚ್ಚಾಗಿದ್ದವರಿಗೆ ಅಪಾಯ ಶೇ 16ರಷ್ಟು ಹೆಚ್ಚು. ಮರುವರ್ಷ ಹೃದ್ರೋಗದ ಲೆಕ್ಕ ಬಂತು: ಮೊದಲ ಬಗೆಯ ಊಟಕ್ಕೆ ಅಪಾಯ ಶೇ 25ರಷ್ಟು ಕಡಿಮೆ, ಎರಡನೆಯದಕ್ಕೆ ಶೇ 32ರಷ್ಟು ಹೆಚ್ಚು. ಇಂಥ ಅಧ್ಯಯನ ನಂಟನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಪೂರ್ತಿ ಸಾಬೀತು ಮಾಡುವುದಿಲ್ಲ. ಆದರೂ ನಿಮ್ಮ ಮನೆಗೆ ಎರಡನೆಯ ಸಾಲು ಹೊಂದುತ್ತದೆ ಎಂದೇ ನನಗೆ ಅನ್ನಿಸುತ್ತದೆ.

ಒಳಗೆ ಆಗುವುದು ಇಷ್ಟು. ಪಾಲಿಶ್ ಮಾಡಿದ ಅಕ್ಕಿಯ ಪಿಷ್ಟ ಬೇಗ ಗ್ಲೂಕೋಸ್ ಆಗಿ ರಕ್ತಕ್ಕೆ ಇಳಿಯುತ್ತದೆ. ಅದನ್ನು ಸ್ನಾಯುಗಳ ಒಳಗೆ ಸೇರಿಸುವ ಕೆಲಸ ಇನ್ಸುಲಿನ್‌ನದು. ಹೊಟ್ಟೆಯ ಸುತ್ತ, ಯಕೃತ್ತಿನಲ್ಲಿ ಕೊಬ್ಬು ಕೂತಾಗ ಇನ್ಸುಲಿನ್ ಮಾತು ನಡೆಯುವುದಿಲ್ಲ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ನಾರಿನಂಶ ಕಾಲುವೆಯ ತೂಬಿನಂತೆ ಈ ಹರಿವನ್ನು ತಡೆದು ತಡೆದು ಬಿಡುತ್ತದೆ. ನೀರು ಒಮ್ಮೆಲೇ ನುಗ್ಗಿದರೆ ಗದ್ದೆಗೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇರುತ್ತದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಸಹ ಇರುವುದಿಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬರುವ ಮುನ್ನ ನಿಮ್ಮ ಸೀಮೆ ಜೋಳ, ಸಜ್ಜೆ, ಕಡಲೆ, ಹತ್ತಿ ಬೆಳೆಯುವ ಒಣನೆಲವಾಗಿತ್ತು. ಅನ್ನ ಹಬ್ಬದ ದಿನದ ಊಟ. ಆ ಕಾಲವನ್ನು ನಾನು ಹೊಗಳಲು ಹೊರಟಿಲ್ಲ. ಬರ ಬಂದಾಗ ಹೊಟ್ಟೆಗೆ ಇಲ್ಲದ ದಿನಗಳಿದ್ದವು, ಹೆಣ್ಣುಮಕ್ಕಳು ರಕ್ತಹೀನತೆಯಿಂದ ಬಳಲುತ್ತಿದ್ದರು, ಕಾಲುವೆ ಬಂದು ಎಷ್ಟೋ ಮನೆಗಳು ನೆಮ್ಮದಿ ಕಂಡವು. ಆದರೆ ತಟ್ಟೆ ಬದಲಾದಾಗ ದುಡಿಮೆಯೂ ಬದಲಾಯಿತು. ನಾಟಿಗೆ ಕೂಲಿಯವರು, ಕೊಯ್ಲಿಗೆ ಯಂತ್ರ, ಗದ್ದೆಯ ಬದುವಿನವರೆಗೂ ಬೈಕ್. ದುಡಿಮೆ ಇಳಿದರೂ ತಟ್ಟೆಯಲ್ಲಿ ಅನ್ನ ಮಾತ್ರ ಇಳಿಯಲಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅಂದಾಜು ಮಾಡಿದೆ. ನೀವೊಬ್ಬರೇ ಅಲ್ಲ.

ಈಗ ಮಾಡಬೇಕಾದದ್ದು. ಮಧ್ಯಾಹ್ನದ ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು ಇರಲಿ: ಪುಂಡಿಪಲ್ಯ, ಮೆಂತ್ಯ, ರಾಜಗಿರಿ, ಹೀರೇಕಾಯಿ, ಚವಳಿಕಾಯಿ, ಹಸಿ ಸವತೆಕಾಯಿ, ಯಾವುದು ಸಂತೆಯಲ್ಲಿ ಅಗ್ಗವೋ ಅದು. ಕಾಲು ಭಾಗ ಗಟ್ಟಿ ಬೇಳೆ ಅಥವಾ ಕಾಳಿನ ಪಲ್ಯ: ಮಡಿಕೆ, ಹೆಸರು, ಅಲಸಂದೆ, ಹುರುಳಿ. ಉಳಿದ ಕಾಲು ಭಾಗದಲ್ಲಿ ಜೋಳದ ರೊಟ್ಟಿ. ಜೋಳ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದೂ ಹಿಟ್ಟೇ. ಐದು ರೊಟ್ಟಿ ತಿಂದರೆ ಏರಿಯೇ ಏರುತ್ತದೆ. ಪಲ್ಯಕ್ಕೆ ರೊಟ್ಟಿ ಎಂದುಕೊಂಡು ತಿನ್ನಿ, ರೊಟ್ಟಿಗೆ ಪಲ್ಯ ಎಂದಲ್ಲ.

ಎಣ್ಣೆಯ ಲೆಕ್ಕ ನೀವೇ ಹಾಕಬಹುದು. ನಾಲ್ಕು ಜನರ ಮನೆಯಲ್ಲಿ ಐದು ಲೀಟರ್ ಡಬ್ಬಿ ಒಂದು ತಿಂಗಳಿಗೆ ಮುಗಿದರೆ ತಲೆಗೆ ದಿನಕ್ಕೆ 38 ಗ್ರಾಂ ಬೀಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನದ ಮಾದರಿ ಊಟಕ್ಕೆ ಇಟ್ಟಿರುವುದು 27 ಗ್ರಾಂ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಎಲ್ಲ ಅಡುಗೆಯೂ ಸೇರಿ ಮಟ್ಟಸವಾದ ಒಂದು ಚಮಚ. ನಿಮ್ಮ ಬಿಪಿಗೆ ಮೊದಲು ಬಿಡಬೇಕಾದದ್ದು ಹಪ್ಪಳ, ಉಪ್ಪಿನಕಾಯಿ. ಅಣ್ಣನವರೂ ಇದೇ ಊಟ ಮಾಡಲಿ, ಆದರೆ ಸ್ಟೆಂಟ್ ಹಾಕಿದ ಮೇಲೆ ಕೊಟ್ಟ ಮಾತ್ರೆಗಳಲ್ಲಿ ಒಂದನ್ನೂ ಅವರು ತಾವಾಗಿ ನಿಲ್ಲಿಸಬಾರದು.

ಇನ್ನೊಂದು ಮಾತು. ನೀವು ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಅನ್ನ ಅರ್ಧಕ್ಕೆ ಇಳಿಸುವ ಮುನ್ನ ವೈದ್ಯರಿಗೆ ಹೇಳಿ. ಮದ್ದು ಹಾಗೆಯೇ ಇದ್ದು ಊಟ ಕಡಿಮೆಯಾದರೆ ಸಕ್ಕರೆ ದಿಢೀರನೆ ಕುಸಿಯುತ್ತದೆ. ಹೊಲದಲ್ಲಿ ಒಬ್ಬರೇ ಇದ್ದಾಗ ಬೆವರು, ನಡುಕ, ಕಣ್ಣು ಕತ್ತಲು ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಬೇಕು.

ಪ್ರಶ್ನೆ: ಅಕ್ಕಾ, ನಾನು ಗಂಗಾವತಿಯವಳು. ಅತ್ತೆ ಮಾವ ಇಬ್ಬರಿಗೂ ಶುಗರ್ ಇದೆ, ನನ್ನ ಗಂಡನಿಗೂ ಬರಬಹುದೆಂಬ ಭಯ. ರೊಟ್ಟಿ ಮಾಡಿ ಎನ್ನುತ್ತೀರಿ. ನಾನು ಕೆಲಸಕ್ಕೆ ಹೋಗುತ್ತೇನೆ, ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಕೂರಲು ಆಗುವುದಿಲ್ಲ. ತವರಿನಲ್ಲಿ ಕಲಿತಿಲ್ಲ, ಮಾಡಿದರೆ ಅಂಚು ಒಡೆಯುತ್ತದೆ. ಮಕ್ಕಳು ಅನ್ನವೇ ಬೇಕು ಎನ್ನುತ್ತಾರೆ.

ಉತ್ತರ: ತಂಗಿ, ಮನೆಯ ಎಲ್ಲರ ಆರೋಗ್ಯದ ಹೊರೆ ನಿನ್ನೊಬ್ಬಳ ರಟ್ಟೆಯ ಮೇಲೆ ಬೀಳುವುದು ನನಗೆ ಒಪ್ಪಿಗೆಯಿಲ್ಲ. ಗಂಡನಿಗೆ ಕಾಯಿಲೆ ಬರಬಾರದು ಎಂದರೆ ಗಂಡನೂ ಸೊಪ್ಪು ಸೋಸಲಿ, ಕಾಳು ನೆನೆಹಾಕಲಿ. ಅದಕ್ಕೆ ತವರಿನಲ್ಲಿ ಕಲಿತಿರಬೇಕಿಲ್ಲ.

ಅಂಚು ಒಡೆಯುವುದಕ್ಕೆ ಕಾರಣವಿದೆ. ಗೋಧಿಯಲ್ಲಿ ಇರುವ ಅಂಟು ಜೋಳದಲ್ಲಿ ಇಲ್ಲ. ಅದಕ್ಕಾಗಿ ನೀರು ಕುದಿಯುತ್ತಿರುವಾಗಲೇ ಹಿಟ್ಟಿನ ನಡುವೆ ಗುಣಿ ಮಾಡಿ ಸುರಿಯಬೇಕು. ಬಿಸಿಗೆ ಪಿಷ್ಟ ಅರಳಿ ಹಿಡಿತ ಬರುತ್ತದೆ. ಮೊದಲು ಚಮಚದಿಂದ ಕೂಡಿಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಮೆತ್ತಗಾಗುವವರೆಗೆ ನಾದು. ಹಿಟ್ಟು ಹಳತಾದಷ್ಟೂ ಬಿರುಕು ಹೆಚ್ಚು, ಆದ್ದರಿಂದ ವಾರಕ್ಕೆ ಬೇಕಾದಷ್ಟೇ ಬೀಸಿಸು. ಬಡಿಯಲು ಬಾರದಿದ್ದರೆ ಲಟ್ಟಿಸು, ಯಾರೂ ಬೈಯುವುದಿಲ್ಲ. ಹಂಚಿನ ಮೇಲೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುತ್ತಿರುವಾಗಲೇ ತಿರುವಿಹಾಕಬೇಕು. ತಡವಾದರೆ ಉಬ್ಬುವುದಿಲ್ಲ.

ದಿನಾ ಮಾಡಬೇಕೆಂದೂ ಇಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿ ಹೋಗುವುದನ್ನು ನೀನು ನೋಡಿರುತ್ತೀಯ. ಅವು ಅವತ್ತೇ ಸುಟ್ಟ ರೊಟ್ಟಿಗಳಲ್ಲ, ದಿನಗಳ ಮುಂಚೆ ಮಾಡಿ ಒಣಗಿಸಿಟ್ಟ ಖಡಕ್ ರೊಟ್ಟಿ. ರಜೆಯ ದಿನ ಒಂದು ಸಲ ಮಾಡಿಟ್ಟರೆ ವಾರ ನಡೆಯುತ್ತದೆ. ಖಾನಾವಳಿಗಳಲ್ಲಿ, ಮನೆಯಲ್ಲೇ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳ ಬಳಿ ಕೊಂಡರೂ ಸರಿ, ನಿನ್ನ ದುಡಿಮೆಯ ಹಣ ಒಳ್ಳೆಯ ಕೆಲಸಕ್ಕೆ ಹೋಗುತ್ತದೆ. ರೊಟ್ಟಿಯೇ ಬೇಡ ಎನ್ನುವ ದಿನ ಜೋಳದ ನುಚ್ಚು ಕುಕ್ಕರಿನಲ್ಲಿ ಕೂಗಿಸು. ಅದಕ್ಕೆ ಮಜ್ಜಿಗೆ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ ಇದ್ದರೆ ನಿನ್ನ ಮಾವನವರು ಬೇಡ ಎನ್ನಲಾರರು, ಚಿಕ್ಕಂದಿನಲ್ಲಿ ಉಂಡ ಊಟ ಅದು.

ಮಕ್ಕಳಿಗೆ ಅನ್ನ ಬಿಡಿಸಬೇಡ. ಅನ್ನದ ಜೊತೆಗಿನದನ್ನು ಬದಲಿಸು: ಸಾರು ಗಟ್ಟಿಯಾಗಲಿ, ತಟ್ಟೆಗೆ ಮೊದಲು ಮೊಳಕೆ ಕಾಳಿನ ಕೋಸಂಬರಿ ಬೀಳಲಿ, ಅನ್ನ ಆಮೇಲೆ ಬರಲಿ. ಶುಗರ್ ಇರುವವರಿಗೂ ಈ ಕ್ರಮ ಒಳ್ಳೆಯದು, ತರಕಾರಿ ಮತ್ತು ಕಾಳು ಮೊದಲು ತಿಂದು ಅನ್ನ ಕೊನೆಗೆ ಉಂಡರೆ ಊಟದ ನಂತರದ ಏರಿಕೆ ಕಡಿಮೆಯಾಗುತ್ತದೆ. ಪೊಟ್ಟಣದ ಮೇಲೆ ಸಿರಿಧಾನ್ಯ ಎಂದು ಬರೆದ ಬಿಸ್ಕತ್ತಿಗೆ ಮಾತ್ರ ಮರುಳಾಗಬೇಡ. ಹಿಂಬದಿಯ ಸಣ್ಣ ಅಕ್ಷರ ಓದು. ಮೈದಾ, ಸಕ್ಕರೆ, ಪಾಮ್ ಎಣ್ಣೆ ಮೊದಲ ಮೂರು ಹೆಸರುಗಳಾಗಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬಾ.

ಪ್ರಶ್ನೆ: ನಾನು ಬಳ್ಳಾರಿಯ ನಿವೃತ್ತ ನೌಕರ, 63 ವರ್ಷ, ಸಸ್ಯಾಹಾರಿ. ಹತ್ತು ವರ್ಷಗಳಿಂದ ಶುಗರಿಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದೇನೆ. ಇತ್ತೀಚೆಗೆ ಅಂಗಾಲು ಜುಮ್ಮೆನ್ನುತ್ತದೆ, ಮರೆವು ಹೆಚ್ಚಿದೆ. ಹಾಲು ಮೊಸರನ್ನೂ ಬಿಟ್ಟು ಪೂರ್ತಿ ಸಸ್ಯಮೂಲದ ಆಹಾರಕ್ಕೆ ಬಂದರೆ ಮಾತ್ರೆಯನ್ನೇ ಬಿಡಬಹುದು ಎಂದು ಗೆಳೆಯರೊಬ್ಬರು ಹೇಳುತ್ತಾರೆ.

ಉತ್ತರ: ಹಿರಿಯರೇ, ಹಾಲು ಬಿಡುವ ಮೊದಲು ದಯವಿಟ್ಟು ವಿಟಮಿನ್ ಬಿ12 ರಕ್ತ ಪರೀಕ್ಷೆ ಮಾಡಿಸಿ. ಈ ವಾರವೇ ಮಾಡಿಸಿ. ಬಿ12 ತಯಾರಿಸುವುದು ಬ್ಯಾಕ್ಟೀರಿಯಾಗಳು, ನಮಗೆ ಅದು ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಿಂದ. ಸೊಪ್ಪಿನಲ್ಲಿ ಇಲ್ಲ, ಕಾಳಿನಲ್ಲಿ ಇಲ್ಲ, ಹುದುಗಿಸಿದ ಇಡ್ಲಿ ಹಿಟ್ಟನ್ನು ನಂಬುವಂತಿಲ್ಲ. ಸ್ಪಿರುಲಿನಾ ಪುಡಿಯಲ್ಲಿ ಇರುವುದು ದೇಹಕ್ಕೆ ಒದಗದ ರೂಪ. ಇದರ ಮೇಲೆ ಮೆಟ್‌ಫಾರ್ಮಿನ್ ಹಲವು ವರ್ಷ ತೆಗೆದುಕೊಂಡವರಲ್ಲಿ ಕರುಳು ಬಿ12 ಹೀರುವುದು ಕುಗ್ಗುತ್ತದೆ. ನಿಮಗೆ ಎರಡೂ ಕಾರಣಗಳಿವೆ. ಅಂಗಾಲಿನ ಜುಮ್ಮು ಸಕ್ಕರೆ ಕಾಯಿಲೆಯಿಂದಲೂ ಬರಬಹುದು, ಬಿ12 ಕೊರತೆಯಿಂದಲೂ ಬರಬಹುದು. ನೋಡುವುದಕ್ಕೆ ಎರಡೂ ಒಂದೇ ಥರ, ಹಾಗಾಗಿಯೇ ಎಷ್ಟೋ ಜನ ಇದು ಶುಗರಿನದೇ ಎಂದು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಕೊರತೆ ಬಹುಕಾಲ ಉಳಿದರೆ ನರಗಳಿಗೆ ಆದ ಹಾನಿ ಪೂರ್ತಿ ಸರಿಹೋಗದು. ಮಾತ್ರೆ ಅಥವಾ ಚುಚ್ಚುಮದ್ದು ಎಷ್ಟು ದಿನ ಎಂದು ವೈದ್ಯರು ತಿಳಿಸುತ್ತಾರೆ.

ಹಾಲು ಬಿಟ್ಟು ಬದುಕಲು ಆಗದು ಎಂದು ನಾನು ಹೇಳುತ್ತಿಲ್ಲ. ಆದರೆ ಬಿಟ್ಟವರು ಬಿ12 ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಮಾತ್ರೆ ಬಿಡುವ ಬಗ್ಗೆ ನಿಮ್ಮ ಗೆಳೆಯರ ಮಾತು ಪೂರ್ತಿ ಗಾಳಿಮಾತೂ ಅಲ್ಲ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಬಿಗಿ ಪಥ್ಯದಿಂದ ತೂಕ ಇಳಿಸಿಕೊಂಡವರ ಪೈಕಿ ಹತ್ತಿರಹತ್ತಿರ ಅರ್ಧದಷ್ಟು ಜನ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆಯೇ ಸಕ್ಕರೆಯನ್ನು ಮಧುಮೇಹದ ಮಟ್ಟಕ್ಕಿಂತ ಕೆಳಗೆ ಇಟ್ಟುಕೊಂಡಿದ್ದರು. ಆದರೆ ಅವರೆಲ್ಲ ಕಾಯಿಲೆ ಬಂದು ಆರು ವರ್ಷದೊಳಗಿನವರು, ಫಲ ಕೊಟ್ಟದ್ದು ತೂಕದ ಇಳಿಕೆ, ಮತ್ತು ಎಲ್ಲವೂ ನಡೆದದ್ದು ವೈದ್ಯರ ಕಣ್ಗಾವಲಿನಲ್ಲಿ. ನಿಮ್ಮದು ಹತ್ತು ವರ್ಷದ ಕಾಯಿಲೆ. ಊಟ ಸುಧಾರಿಸಿ, ಮೂರು ತಿಂಗಳ ಸರಾಸರಿ ಸಕ್ಕರೆಯ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಮಾತ್ರೆ ತಗ್ಗಿಸುವ ಮಾತನ್ನು ವೈದ್ಯರೇ ಎತ್ತಲಿ.

ಪ್ರಶ್ನೆ: ನಾವು ಕುಷ್ಟಗಿ ಕಡೆಯವರು. ಮಾಂಸ ತಿನ್ನುವ ಜನ. ಹೃದಯಕ್ಕೆ ಒಳ್ಳೆಯದು, ಕ್ಯಾನ್ಸರ್ ಬರುವುದಿಲ್ಲ ಎಂದು ಮಗಳು ಎಲ್ಲವನ್ನೂ ಬಿಡಿ ಎಂದು ಹಟ ಹಿಡಿದಿದ್ದಾಳೆ. ಪೂರ್ತಿ ಬಿಡಲೇಬೇಕೇ?

ಉತ್ತರ: ಬಿಡಲೇಬೇಕು ಎಂದು ವಿಜ್ಞಾನ ಹೇಳುವುದಿಲ್ಲ. ನಿಮ್ಮ ಊಟ ಕೀಳು, ಇನ್ನೊಬ್ಬರದು ಮೇಲು ಎಂಬ ಮಾತಿಗೂ ಇಲ್ಲಿ ಜಾಗವಿಲ್ಲ. ಮೇಲಿನ ಸಿಂಧನೂರಿನವರ ಪತ್ರವನ್ನು ಮಗಳಿಗೂ ಓದಿ ಹೇಳಿ. 1997ರಲ್ಲಿ ಪ್ರಕಟವಾದ, ಬಿಪಿ ಇಳಿಸುವ ಊಟದ ಪ್ರಸಿದ್ಧ ಪ್ರಯೋಗವೊಂದು ಡ್ಯಾಶ್ ಎಂಬ ಹೆಸರಿನದು. ಅದರಲ್ಲಿ ಬಿಪಿ ಇದ್ದವರಿಗೆ ಮೇಲಿನ ಅಂಕಿ ಎಂಟೇ ವಾರಗಳಲ್ಲಿ ಸರಾಸರಿ 11ರಷ್ಟು ಇಳಿಯಿತು. ಆ ಊಟದಲ್ಲಿ ಹಣ್ಣು, ತರಕಾರಿ, ಕಾಳು, ಕಡಿಮೆ ಕೊಬ್ಬಿನ ಹಾಲು ಹೆಚ್ಚಾಗಿದ್ದವು, ಸ್ವಲ್ಪ ಮೀನು, ಕೋಳಿಯೂ ಇದ್ದವು.

ಮಗಳ ಮಾತಿನಲ್ಲಿ ಸತ್ಯಾಂಶವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣ ಎಂದೂ ಕುರಿ, ಮೇಕೆ, ದನದಂಥ ಕೆಂಪು ಮಾಂಸ ಬಹುಶಃ ಕಾರಣ ಎಂದೂ ಹೇಳಿತು. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ 18ರಷ್ಟು ಹೆಚ್ಚುತ್ತದೆ. ಬೇಯಿಸಿದ ಕೆಂಪು ಮಾಂಸವನ್ನು ವಾರಕ್ಕೆ 350ರಿಂದ 500 ಗ್ರಾಂ ಮೀರದಂತೆ ಇಟ್ಟುಕೊಳ್ಳಿ ಎನ್ನುವುದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ. ಭಾನುವಾರಕ್ಕೊಮ್ಮೆ ಮಟನ್ ಮಾಡುವ ನಿಮ್ಮಂಥ ಮನೆಗಳು ಈಗಾಗಲೇ ಅದರ ಒಳಗೇ ಇರುತ್ತವೆ. ನನಗೆ ಚಿಂತೆ ಇರುವುದು ಆ ಭಾನುವಾರದ ಬಗ್ಗೆ ಅಲ್ಲ, ಉಳಿದ ಆರು ದಿನಗಳ ಬಗ್ಗೆ. ಆ ದಿನಗಳಲ್ಲಿ ಕಾಳು, ಸೊಪ್ಪು ಎಷ್ಟಿದೆ ನೋಡಿ. ಭಾನುವಾರ ಮಟನ್ನಿನ ಜೊತೆಗೂ ಒಂದು ತಟ್ಟೆ ಹಸಿ ಮೂಲಂಗಿ, ಸವತೆಕಾಯಿ, ಮೆಂತ್ಯ ಸೊಪ್ಪಿನ ಪಚಡಿ ಇಡಿ. ಮಗಳು ತಾನು ಬಿಡುತ್ತೇನೆ ಎಂದರೆ ಬಿಡಲಿ, ಅವಳಿಗೆ ಗಟ್ಟಿ ಬೇಳೆ, ಮೊಸರು ತಪ್ಪದಂತೆ ನೋಡಿಕೊಳ್ಳಿ.

ಪ್ರಶ್ನೆ: ಮಾನ್ವಿ ಬಳಿಯ ಹಾಸ್ಟೆಲ್ ವಿದ್ಯಾರ್ಥಿ ನಾನು, ತೂಕ 60 ಕಿಲೋ. ಸಸ್ಯಾಹಾರದಲ್ಲಿ ಪ್ರೋಟೀನ್ ಸಿಗುವುದಿಲ್ಲ, ಪುಡಿ ತೆಗೆದುಕೊಳ್ಳಬೇಕು ಎಂದು ಜಿಮ್ಮಿನಲ್ಲಿ ಹೇಳುತ್ತಾರೆ.

ಉತ್ತರ: ತಮ್ಮಾ, ನಿನಗೆ ದಿನಕ್ಕೆ ಬೇಕಾದದ್ದು ಸುಮಾರು 50 ಗ್ರಾಂ, ಭಾರ ಎತ್ತುವವನಾದರೆ ಇನ್ನಷ್ಟು. 100 ಗ್ರಾಂ ಒಣ ಹೆಸರುಕಾಳಿನಲ್ಲಿ 22 ಗ್ರಾಂ, ಶೇಂಗಾದಲ್ಲಿ 23 ಗ್ರಾಂ ಇರುತ್ತದೆ. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಅದು ಧಾರಾಳ, ಹಾಗಾಗಿ ರೊಟ್ಟಿ ಮತ್ತು ಕಾಳುಪಲ್ಯ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ರಾತ್ರಿ ಒಂದು ಹಿಡಿ ಕಡಲೆ ನೆನೆಹಾಕು, ಬೆಳಿಗ್ಗೆ ಅದಕ್ಕೆ ನಿಂಬೆರಸ ಹಿಂಡು. ನಿಂಬೆ ಕಬ್ಬಿಣಾಂಶ ಹೀರಲು ನೆರವಾಗುತ್ತದೆ, ಊಟದ ಜೊತೆ ಕುಡಿದ ಚಹಾ ಅದನ್ನು ತಡೆಯುತ್ತದೆ. ಪುಡಿಯ ಹಣದಲ್ಲಿ ಶೇಂಗಾ, ಹಾಲು, ಪೇರಲ ಕೊಳ್ಳು.

ಪ್ರಶ್ನೆ: ಲಿಂಗಸುಗೂರಿನಿಂದ ಬರೆಯುತ್ತಿದ್ದೇನೆ. ನಮ್ಮ ತಾಯಿಗೆ ಶುಗರ್‌ನಿಂದ ಕಿಡ್ನಿ ಸ್ವಲ್ಪ ಹಾಳಾಗಿದೆ, ಕ್ರಿಯಾಟಿನಿನ್ ಹೆಚ್ಚಿದೆ. ಮೊಬೈಲಿನಲ್ಲಿ ಬಂದ ಸಲಹೆ ನೋಡಿ ದಿನಾ ಪಾಲಕ್ ರಸ, ಎಳನೀರು ಕೊಡುತ್ತಿದ್ದೇವೆ. ಉಪ್ಪಿನ ಬದಲು ಕಡಿಮೆ ಸೋಡಿಯಂ ಉಪ್ಪನ್ನೂ ತಂದಿದ್ದೇವೆ.

ಉತ್ತರ: ಮೂರನ್ನೂ ಇವತ್ತೇ ನಿಲ್ಲಿಸಿ. ಆರೋಗ್ಯವಂತರಿಗೆ ಬಿಪಿ ತಗ್ಗಿಸುವ ಪೊಟ್ಯಾಶಿಯಂ, ಕಿಡ್ನಿ ಸೋತವರ ರಕ್ತದಲ್ಲಿ ಉಳಿದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಎಳನೀರಿನಲ್ಲಿ ಅದು ತುಂಬಾ ಇದೆ. ಕಡಿಮೆ ಸೋಡಿಯಂ ಉಪ್ಪು ಎಂದರೆ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಶಿಯಂ ಹಾಕಿದ ಉಪ್ಪು. ಪಾಲಕ್ ರಸದಲ್ಲಿ ಪೊಟ್ಯಾಶಿಯಂ ಜೊತೆ ಆಕ್ಸಲೇಟ್ ಕೂಡ ಇದ್ದು, ದಿನಾ ಲೋಟಗಟ್ಟಲೆ ಕುಡಿದರೆ ಅದು ಕಿಡ್ನಿಯಲ್ಲೇ ಹರಳುಗಟ್ಟಬಹುದು. ತಾಯಿಯವರಿಗೆ ಮಾಮೂಲಿ ಉಪ್ಪನ್ನೇ ಕಡಿಮೆ ಮಾಡಿ ಹಾಕಿ. ಸೊಪ್ಪು, ತರಕಾರಿ ಪೂರ್ತಿ ಬಿಡಿಸಬೇಕಿಲ್ಲ: ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ ಪಲ್ಯ ಮಾಡಿದರೆ ಪೊಟ್ಯಾಶಿಯಂ ಸಾಕಷ್ಟು ಇಳಿಯುತ್ತದೆ. ಬೇಳೆ ಎಷ್ಟು, ಹಣ್ಣು ಯಾವುದು ಎಂಬುದು ಅವರ ರಕ್ತ ಪರೀಕ್ಷೆಯ ಅಂಕಿ ನೋಡಿಯೇ ಹೇಳಬೇಕಾದ ಮಾತು. ನಾಳೆಯೇ ಪೊಟ್ಯಾಶಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಕಿಡ್ನಿ ವೈದ್ಯರ ಬಳಿ ಹೋಗಿ, ಇಷ್ಟು ದಿನ ರಸ ಕೊಟ್ಟದ್ದನ್ನೂ ಹೊಸ ಉಪ್ಪಿನ ಹೆಸರನ್ನೂ ಅವರಿಗೆ ಮರೆಯದೆ ತಿಳಿಸಿ. ಅದರೊಳಗೆ ಕೈಕಾಲು ಸೋತಂತಾದರೆ, ಎದೆ ಬಡಿತ ತಪ್ಪಿದಂತೆ ಅನ್ನಿಸಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.